ಬಿಡುಗಡೆಯ ಬೆಲೆ

ಒಂಬತ್ತನೆಯ ತರಗತಿಗೆ ಫ್ರಾನ್ಸಿನ ಮಹಾಕ್ರಾಂತಿಯ ಪಾಠ ಹೇಳುವುದೆಂದರೆ ನನಗೆ ಬಲು ಹುರುಪು. ಸ್ವಾತಂತ್ರ್ಯ, ಸಮಾನತೆ, ಸೋದರತೆ ಎಂದು ಕರಿಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಮಕ್ಕಳಿಂದ ಹೇಳಿಸುತ್ತಿದ್ದೆ. ಸಿ.ಎಲ್.ಆರ್. ಜೇಮ್ಸ್ ಅವರ ‘ದಿ ಬ್ಲ್ಯಾಕ್ ಜಾಕೊಬಿನ್ಸ್’ (1938) ಓದಿದ ಮೇಲೆ ಸೀಮೆಸುಣ್ಣ ಹಿಡಿದ ಕೈ ತುಸು ತಡೆಯುತ್ತದೆ.

ಜೇಮ್ಸ್ ಟ್ರಿನಿಡಾಡಿನವರು. ಅವರು ಹೇಳುವುದು ಫ್ರೆಂಚರ ಸಕ್ಕರೆಯ ವಸಾಹತಾಗಿದ್ದ ಇಂದಿನ ಹೈಟಿಯ ಕಥೆಯನ್ನು. ಕರಿಯ ಗುಲಾಮರನ್ನು ಚರಾಸ್ತಿ ಎಂದು 1685ರ ಫ್ರೆಂಚ್ ಕಾನೂನೇ ಬರೆದಿಟ್ಟಿತ್ತು. ಆ ‘ಚರಾಸ್ತಿ’ 1791ರಲ್ಲಿ ದಂಗೆಯೆದ್ದಿತು. ಪ್ಯಾರಿಸ್ಸಿನ ಸಭೆ 1794ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿತು. 1802ರಲ್ಲಿ ನೆಪೋಲಿಯನ್ ಅದನ್ನು ಮತ್ತೆ ಊರ್ಜಿತಗೊಳಿಸಿದ. ಹೈಟಿಯ ಜನ ಅವನ ಸೈನ್ಯವನ್ನೇ ಸೋಲಿಸಿ 1804ರಲ್ಲಿ ಸ್ವತಂತ್ರರಾದರು. ಗುಲಾಮರನ್ನು ಕನಿಕರದ ಬೊಂಬೆಗಳಾಗಿಸದೆ, ಚರಿತ್ರೆಯನ್ನು ಕಟ್ಟುವವರನ್ನಾಗಿ ಕಂಡದ್ದು ಈ ಪುಸ್ತಕದ ದೊಡ್ಡ ಗುಣ.

ನನ್ನ ತಕರಾರು ಒಂದೇ. ಕಥನ ಗೆಲುವಿನ ಹತ್ತಿರ ಮುಗಿದುಬಿಡುತ್ತದೆ. 1963ರಲ್ಲಿ ಸೇರಿಸಿದ ಅನುಬಂಧ ಕ್ಯೂಬಾದ ಕ್ಯಾಸ್ಟ್ರೊವರೆಗೂ ಬರುತ್ತದೆ, ಆದರೆ ಸಾಲದ ಲೆಕ್ಕ ಅಲ್ಲಿಯೂ ಮುಖ್ಯವಾಗುವುದಿಲ್ಲ. 1825ರಲ್ಲಿ ಫ್ರಾನ್ಸಿನ ದೊರೆ ಯುದ್ಧನೌಕೆಗಳನ್ನು ಕಳುಹಿಸಿ, ಹಳೆಯ ತೋಟಗಾರರ ನಷ್ಟಕ್ಕೆಂದು 15 ಕೋಟಿ ಫ್ರಾಂಕ್ ಕೇಳಿದ. ಆ ನಷ್ಟದ ಲೆಕ್ಕದಲ್ಲಿ ಮನುಷ್ಯರ ಬೆಲೆಯೂ ಇತ್ತು! 1838ರಲ್ಲಿ ಮೊತ್ತವನ್ನು 9 ಕೋಟಿಗೆ ಇಳಿಸಿದರು. ಮೊದಲ ಕಂತಿಗಾಗಿ ಫ್ರೆಂಚ್ ಬ್ಯಾಂಕುಗಳಿಂದಲೇ 3 ಕೋಟಿ ಸಾಲ; ಅದರಲ್ಲಿ 60 ಲಕ್ಷವನ್ನು ಅವು ಮೊದಲೇ ಮುರಿದುಕೊಂಡವು. ಈ ಸಾಲದ ಬಾಲ ತೀರಿದ್ದು 1947ರಲ್ಲಿ. ಶಾಲೆ, ರಸ್ತೆಗಳಿಗೆ ಸಲ್ಲಬೇಕಾದ ಕಾಫಿಯ ಸುಂಕ ಹೀಗೆ ಹಡಗು ಹತ್ತಿತು.

ರಾಜಕಾರಣದಲ್ಲಿ ವರ್ಗ ಮೊದಲು, ವರ್ಣ ಅದರ ನಂತರ ಎನ್ನುತ್ತಾರೆ ಜೇಮ್ಸ್. ವರ್ಣವನ್ನು ಕಡೆಗಣಿಸಬಾರದೆಂದೂ ಎಚ್ಚರಿಸುತ್ತಾರೆ. ಆದರೆ 1825ರ ಪತ್ರವನ್ನು ನೋಡಿದರೆ, ವರ್ಣವೇ ಕಾನೂನಾಗಿ, ಕಾನೂನೇ ಸಾಲವಾಗಿ, ಸಾಲವೇ ಬಡತನವಾದದ್ದು ಕಾಣುತ್ತದೆ. ನಮ್ಮ 1976ರ ಕಾಯಿದೆ ಜೀತದ ಜೊತೆಗೆ ಜೀತದ ಸಾಲವನ್ನೂ ಅಳಿಸಿತು. ಅಲ್ಲಿ ಜೀತ ಕಳಚಿಕೊಂಡವರ ತಲೆಗೇ ಸಾಲ ಕಟ್ಟಿದರು.

ಈ ವಿಷಯ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ಟೀಚರ್, ಹೊಡೆಸಿಕೊಂಡೋರೇ ದಂಡ ಕಟ್ಟಬೇಕಾ?” ಉತ್ತರ ಹೊಳೆಯಲಿಲ್ಲ. 2025ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರನ್ ಈ ಬಗ್ಗೆ ಇತಿಹಾಸಕಾರರ ಜಂಟಿ ಆಯೋಗವನ್ನು ಘೋಷಿಸಿದರು. ಅದು ಏನನ್ನಾದರೂ ಹೇಳಲಿ. ಹೈಟಿಯನ್ನು ಬರೀ ‘ಬಡ ರಾಷ್ಟ್ರ’ವೆಂದು ಬರೆಸಿ ಮುಂದಿನ ಪಾಠಕ್ಕೆ ಹೋಗುವುದು ಇನ್ನು ನನ್ನಿಂದಾಗದು.