ದಾನಕ್ಕೆ ಒದಗದ ಪುಸ್ತಕ

ಬೆಂಗಳೂರಿನಲ್ಲಿ ಅಚ್ಚಾದ ಕನ್ನಡ ಪುಸ್ತಕವೊಂದಕ್ಕಾಗಿ ಕಲಬುರಗಿಯವರೆಗೆ ಹೋಗಬೇಕಾದ ಶಹಾಬಾದ, ಚಿಂಚೋಳಿಗಳ ಓದುಗನ ಪಾಲಿಗೆ ಡಿಜಿಟಲ್ ಪುಸ್ತಕವು ವರವೆಂದು ನಮ್ಮ ವಿಮರ್ಶಕರಲ್ಲಿ ಕೆಲವರು ಸಾರುತ್ತ ಬಂದಿದ್ದಾರೆ. ದೂರವನ್ನು ಅದು ನೀಗಿಸಿತೆಂಬುದು ದಿಟ. ಆದರೂ ಅದಕ್ಕೆ ಸಲ್ಲುತ್ತಿರುವ ಕೀರ್ತಿ ಅದರ ಯೋಗ್ಯತೆಯನ್ನು ಮೀರಿದ್ದೆಂದೇ ನನ್ನ ನಿಶ್ಚಿತಾಭಿಪ್ರಾಯ. 2016ರಲ್ಲಿ ಅಮೆಜಾನ್‌ನ ಕಿಂಡಲ್ ಪುಸ್ತಕದಂಗಡಿಯು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂಗಳನ್ನು ಬರಮಾಡಿಕೊಂಡಾಗ ಕನ್ನಡ ಹೊರಗುಳಿದ ಸಂಗತಿ ಎಲ್ಲರೂ ಬಲ್ಲದ್ದಾದುದರಿಂದ ಇಲ್ಲಿ ಬೆಳೆಸುವುದಿಲ್ಲ.

ನನ್ನನ್ನು ಬಾಧಿಸುವುದು ಆ ಅಂಗಡಿಯ ಕರಾರಿನ ಒಂದು ವಾಕ್ಯ. ಹಣ ತೆತ್ತವನಿಗೆ ಪುಸ್ತಕವು ಮಾರಾಟವಾಗುವುದಿಲ್ಲ, ಓದುವ ಪರವಾನಗಿ ಮಾತ್ರ ಸಲ್ಲುತ್ತದೆ ಎಂಬುದು ಅದರ ತಾತ್ಪರ್ಯ. ಪರವಾನಗಿ ಪಡೆದವನು ಅದನ್ನು ಮತ್ತೊಬ್ಬನಿಗೆ ಮಾರಲಾರ, ಅಂಗಡಿಯ ಅಪ್ಪಣೆಯಿಲ್ಲದೆ ಎರವಲು ಕೊಡಲಾರ, ಮಕ್ಕಳಿಗೆ ಬಿಟ್ಟುಹೋಗಲಾರ. ಕೊಟ್ಟವನಾದರೋ ಹಿಂದಕ್ಕೆ ಪಡೆಯಬಲ್ಲ. ಮಾರಿದವನಿಗೆ ಹಕ್ಕಿರಲಿಲ್ಲವೆಂಬ ಕಾರಣದಿಂದ 2009ರಲ್ಲಿ ಅಮೆಜಾನ್ ಆರ್ವೆಲ್‌ನ ಎರಡು ಕಾದಂಬರಿಗಳನ್ನು ಓದುಗರ ಯಂತ್ರಗಳಿಂದಲೇ ಅಳಿಸಿತು; 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದಂಗಡಿಯನ್ನು ಮುಚ್ಚಿದಾಗ ಕೊಂಡವರಿಗೆ ಹಣ ಮರಳಿತು, ಪುಸ್ತಕ ಉಳಿಯಲಿಲ್ಲ.

ಓಲೆಯ ಪುಸ್ತಕದ ರೀತಿ ಬೇರೆಯಿತ್ತು. ಸೇಡಂ ತಾಲ್ಲೂಕಿನ ಮಳಖೇಡವು ಮಾನ್ಯಖೇಟವೆಂಬ ರಾಷ್ಟ್ರಕೂಟ ರಾಜಧಾನಿಯಾಗಿದ್ದ ಕಾಲದಲ್ಲಿ, ಅರಸ ಮೂರನೆಯ ಕೃಷ್ಣನಿಂದ ಉಭಯಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದ ಪೊನ್ನನು ರಚಿಸಿದ ಶಾಂತಿಪುರಾಣವನ್ನು ಅತ್ತಿಮಬ್ಬೆಯು ಮುಂದೆ ಸಾವಿರ ಪ್ರತಿ ಮಾಡಿಸಿ ದಾನವಿತ್ತಳೆಂಬುದು ಸುಪ್ರಸಿದ್ಧ. ಒಮ್ಮೆ ಕೈಬಿಟ್ಟ ಓಲೆಯ ಮೇಲೆ ಆಕೆಗಾಗಲಿ ಅರಸನಿಗಾಗಲಿ ಮರಳಿ ಅಧಿಕಾರವಿರಲಿಲ್ಲ. ಪಡೆದವನು ಅದನ್ನು ನೋಡಿ ಇನ್ನೊಂದನ್ನು ಬರೆಸಬಹುದಾಗಿತ್ತು. 972ರಲ್ಲಿ ಪರಮಾರರು ಸೂರೆಮಾಡಿದ ರಾಜಧಾನಿಯ ಕವಿ ಇಂದಿಗೂ ನಮಗೆ ದಕ್ಕಿರುವುದು ಇಂತಹ ಬಹುಹಸ್ತಗಳ ರಕ್ಷಣೆಯಿಂದ.

ನನ್ನ ಈ ಆಕ್ಷೇಪವನ್ನು ಕಾಗದದ ವ್ಯಾಮೋಹವೆಂದು ಹಳಿಯುವ ವಿಮರ್ಶಕರು ವಿಷಯವನ್ನೇ ತಪ್ಪಾಗಿ ಗ್ರಹಿಸಿದ್ದಾರೆ. ಹಕ್ಕುಸ್ವಾಮ್ಯ ಮುಗಿದ ಕನ್ನಡ ಗ್ರಂಥಗಳನ್ನು ಸ್ಕ್ಯಾನ್ ಮಾಡಿ, ಯಾರಾದರೂ ಇಳಿಸಿಕೊಳ್ಳುವಂತೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಇರಿಸಿದವರು ಅತ್ತಿಮಬ್ಬೆಯ ಮಾರ್ಗದವರೇ. ಅವರಲ್ಲಿ ನನಗೆ ಗೌರವವಿದೆ. ಬೀಗವೂ ಕೀಲಿಯೂ ಒಂದೇ ಕಂಪನಿಯ ವಶದಲ್ಲಿರುವ ವ್ಯವಸ್ಥೆಯನ್ನು ನಾನು ಒಪ್ಪಲಾರೆ. ಪೈಪೋಟಿಯೇ ಓದುಗನನ್ನು ಕಾಯುವುದೆಂದು ಈ ವಿಮರ್ಶಕರು ವಾದಿಸುವರು. ಹಾಗಾದರೆ, ಗ್ರಂಥಾಲಯವು ಕೊಂಡ ಡಿಜಿಟಲ್ ಪ್ರತಿ 26 ಬಾರಿ ಎರವಲು ಹೋದೊಡನೆ ಮತ್ತೆ ಹಣ ತೆರಬೇಕೆಂದು 2011ರಲ್ಲಿ ಹಾರ್ಪರ್ ಕಾಲಿನ್ಸ್ ವಿಧಿಸಿದ್ದನ್ನು ಅವರು ಹೇಗೆ ಸಮರ್ಥಿಸುತ್ತಾರೆ? ಅಚ್ಚಿನ ಪ್ರತಿ ಸಡಿಲವಾದರೆ ಹೊಸದಾಗಿ ಬೈಂಡು ಮಾಡಿಸಿ ಮತ್ತಷ್ಟು ವರ್ಷ ನಡೆಸುವುದು ನಮ್ಮ ಊರುಗಳ ಗ್ರಂಥಾಲಯಗಳ ವಾಡಿಕೆ. ಅಂತಹ ಷರತ್ತು ಇಲ್ಲಿಗೂ ಬಂದಲ್ಲಿ ಮೊದಲು ವಂಚಿತನಾಗುವವನು, ಈ ವಿಮರ್ಶಕರು ಯಾರ ಹೆಸರಿನಲ್ಲಿ ವಾದಿಸುತ್ತಿರುವರೋ ಆ ಶಹಾಬಾದದ ಓದುಗನೇ.