ಸದನದ ಕೀಲಿಕೈ ಯಾರ ಬಳಿ?

ಲೆಕ್ಕ ಒಪ್ಪಿಸಬೇಕಾದವನೇ ಲೆಕ್ಕ ಕೇಳುವ ದಿನವನ್ನೂ ನಿಗದಿ ಮಾಡುವಂತಿದ್ದರೆ ಆ ಲೆಕ್ಕಕ್ಕೆ ಏನು ಬೆಲೆ? ನಮ್ಮ ಸಂಸತ್ತಿನ ಸ್ಥಿತಿ ಬಹುತೇಕ ಹೀಗೆಯೇ ಇದೆ. ಸಚಿವ ಸಂಪುಟವು ಲೋಕಸಭೆಗೆ ಹೊಣೆಯಾಗಿರಬೇಕು ಎನ್ನುತ್ತದೆ ಸಂವಿಧಾನ. ಆದರೆ ಆ ಸಭೆ ಯಾವಾಗ ಸೇರಬೇಕು, ಯಾವಾಗ ಚದುರಬೇಕು ಎಂದು ತೀರ್ಮಾನಿಸುವುದು ಅದೇ ಸಂಪುಟ.

85ನೇ ವಿಧಿಯಂತೆ ಅಧಿವೇಶನ ಕರೆಯುವವರೂ ಲೋಕಸಭೆಯನ್ನು ವಿಸರ್ಜಿಸುವವರೂ ರಾಷ್ಟ್ರಪತಿ. ಅವರು ನಡೆಯಬೇಕಾದುದು ಸಂಪುಟದ ಸಲಹೆಯಂತೆ. ಅಧಿವೇಶನ ಕರೆಯುವಲ್ಲಿ ಇರುವ ಕಡಿವಾಣ ಒಂದೇ: ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಕಳೆಯಬಾರದು. 1949ರ ಮೇ ತಿಂಗಳಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಈ ಅವಧಿ ದೀರ್ಘವಾಯಿತೆಂಬ ಆಕ್ಷೇಪ ಬಂದಿತ್ತು. ಸರಕಾರ ಕರೆಯದಿದ್ದರೆ ಸಭಾಧ್ಯಕ್ಷರೇ ಕರೆಯಲಿ ಎಂದು ಕೆ.ಟಿ. ಶಾ ಸೂಚಿಸಿದ್ದರು. ಅಂಬೇಡ್ಕರ್ ಒಪ್ಪಲಿಲ್ಲ. ಬ್ರಿಟಿಷರ ಕಾಲದಲ್ಲಿ ಶಾಸನ ಸಭೆಗಳನ್ನು ಕಡೆಗಣಿಸಿದಂತೆ ಸ್ವತಂತ್ರ ಭಾರತದ ಯಾವ ಸರಕಾರವೂ ಕಡೆಗಣಿಸಲಾರದು ಎಂಬುದು ಅವರ ನಂಬಿಕೆಯಾಗಿತ್ತು.

ಆ ನಂಬಿಕೆ ಉಳಿಯಿತೇ? 2020ರ ಮಾರ್ಚ್ 23ರಂದು ಸಂಸತ್ತಿನ ಕಲಾಪ ಮುಗಿಯಿತು. ಜೂನ್ 5ರಂದು ಮೂರು ಕೃಷಿ ಸುಗ್ರೀವಾಜ್ಞೆಗಳು ಹೊರಬಿದ್ದವು. ಆರು ತಿಂಗಳು ತುಂಬಲು ಒಂಬತ್ತು ದಿನ ಬಾಕಿಯಿರುವಾಗ, ಸೆಪ್ಟೆಂಬರ್ 14ರಂದು ಮುಂಗಾರು ಅಧಿವೇಶನ ಸೇರಿತು. ಅದರಲ್ಲಿ ಪ್ರಶ್ನೋತ್ತರ ವೇಳೆ ಇರಲಿಲ್ಲ. ನವೆಂಬರ್ ಕೊನೆಗೆ ರೈತರು ದಿಲ್ಲಿಯ ಗಡಿಗೆ ಬಂದು ಕುಳಿತರು. ಆಗ ಚಳಿಗಾಲದ ಅಧಿವೇಶನವನ್ನೇ ಕರೆಯಲಿಲ್ಲ. ಕೋವಿಡ್ ಕಾರಣವೆಂದರು. ಆದರೆ ಅದೇ ಕೋವಿಡ್ ನಡುವೆ ಬಿಹಾರದ ಚುನಾವಣೆ ನಡೆದಿತ್ತು. ಬೀದಿಯಲ್ಲಿ ಚಳಿಗೆ ನಡುಗುತ್ತಿದ್ದವರ ಪ್ರಶ್ನೆಯನ್ನು ಎತ್ತಬೇಕಾದ ಸದನಕ್ಕೆ ಬೀಗ ಬಿದ್ದಿತ್ತು. ಇಷ್ಟಾದರೂ ಸಂವಿಧಾನದ ಒಂದಕ್ಷರವೂ ಮುರಿದಿರಲಿಲ್ಲ ಎಂಬುದೇ ಚಿಂತೆಯ ವಿಷಯ. ಮೊದಲ ಲೋಕಸಭೆ 677 ದಿನ ಸೇರಿದ್ದರೆ ಹದಿನೇಳನೆಯದು ಸೇರಿದ್ದು 274 ದಿನ.

ವಿಸರ್ಜನೆಯ ಕತೆಯೂ ಬೇರೆಯಲ್ಲ. 1979ರ ಜುಲೈ 28ರಂದು ಪ್ರಧಾನಿಯಾದ ಚರಣ್ ಸಿಂಗ್ ಒಂದು ದಿನವೂ ಲೋಕಸಭೆಯನ್ನು ಎದುರಿಸಲಿಲ್ಲ. ವಿಶ್ವಾಸಮತ ಕೇಳಬೇಕಿದ್ದ ಆಗಸ್ಟ್ 20ರಂದೇ ರಾಜೀನಾಮೆಯಿತ್ತು ವಿಸರ್ಜನೆಗೆ ಸಲಹೆ ನೀಡಿದರು. ಸರಕಾರ ರಚಿಸುತ್ತೇವೆಂದು ಮುಂದೆ ಬಂದ ಜಗಜೀವನ್ ರಾಮ್ ಅವರಿಗೆ ಅವಕಾಶ ಸಿಗಲಿಲ್ಲ. ಆಗಸ್ಟ್ 22ರಂದು ರಾಷ್ಟ್ರಪತಿ ನೀಲಂ ಸಂಜೀವ ರೆಡ್ಡಿ ಲೋಕಸಭೆಯನ್ನು ವಿಸರ್ಜಿಸಿದರು. ಸದನದ ವಿಶ್ವಾಸವನ್ನೇ ಪಡೆಯದವರ ಸಲಹೆಯಿಂದ ಸದನದ ಆಯುಷ್ಯ ಮುಗಿಯಿತು.

ನೆರೆಯ ಪಾಕಿಸ್ತಾನದಲ್ಲಿ ಪ್ರಜಾಪ್ರಭುತ್ವ ಎಷ್ಟು ಸಲ ಮುಗ್ಗರಿಸಿದೆಯೆಂದು ಬಲ್ಲೆವು. ಆದರೂ ಅಲ್ಲಿನ ಸಂವಿಧಾನ ಎರಡು ಮಾತನ್ನು ಬಿಡಿಸಿ ಹೇಳಿದೆ. ರಾಷ್ಟ್ರೀಯ ಅಸೆಂಬ್ಲಿಯ ನಾಲ್ಕನೇ ಒಂದು ಭಾಗ ಸದಸ್ಯರು ಕೋರಿದರೆ ಸ್ಪೀಕರ್ ಹದಿನಾಲ್ಕು ದಿನಗಳೊಳಗೆ ಅಧಿವೇಶನ ಕರೆಯಬೇಕು. ಅವಿಶ್ವಾಸ ನಿರ್ಣಯದ ಸೂಚನೆ ಎದುರಿಸುತ್ತಿರುವ ಪ್ರಧಾನಿ ವಿಸರ್ಜನೆಗೆ ಸಲಹೆ ನೀಡುವಂತಿಲ್ಲ. 2022ರ ಏಪ್ರಿಲ್‌ನಲ್ಲಿ ಇಮ್ರಾನ್ ಖಾನ್ ಅವರ ಸಲಹೆಯಂತೆ ಅಸೆಂಬ್ಲಿ ವಿಸರ್ಜನೆಯಾದಾಗ ಸುಪ್ರೀಂ ಕೋರ್ಟು ಅದನ್ನು ನಾಲ್ಕೇ ದಿನಗಳಲ್ಲಿ ರದ್ದುಗೊಳಿಸಿತು.

ಇಂಥ ಮದ್ದು ನಮ್ಮ ಮನೆಯಲ್ಲೂ ಇದೆ. ತುರ್ತು ಪರಿಸ್ಥಿತಿಯ ಕಹಿಯುಂಡ ಮೇಲೆ 44ನೇ ತಿದ್ದುಪಡಿ 352ನೇ ವಿಧಿಗೆ ಒಂದು ನಿಯಮ ಸೇರಿಸಿತು. ತುರ್ತು ಪರಿಸ್ಥಿತಿಯನ್ನು ವಿರೋಧಿಸುವ ನಿರ್ಣಯಕ್ಕಾಗಿ ಲೋಕಸಭೆಯ ಹತ್ತನೇ ಒಂದು ಭಾಗ ಸದಸ್ಯರು ಲಿಖಿತ ಸೂಚನೆ ಕೊಟ್ಟರೆ ಹದಿನಾಲ್ಕು ದಿನಗಳೊಳಗೆ ವಿಶೇಷ ಸಭೆ ನಡೆಯಲೇಬೇಕು. ಈ ಹಕ್ಕು ಅದೊಂದು ಸಂದರ್ಭಕ್ಕೇ ಏಕೆ ಸೀಮಿತವಾಗಬೇಕು?

ಕರೆದರೂ ನಡೆಯುವುದು ಗದ್ದಲವೇ ತಾನೇ ಎನ್ನುವವರಿದ್ದಾರೆ. ಅದರಲ್ಲಿ ಸುಳ್ಳಿಲ್ಲ. ಆದರೆ ಗದ್ದಲದ ನಡುವೆಯೂ ಸಚಿವರನ್ನು ಎದ್ದು ನಿಲ್ಲಿಸಿ ಉತ್ತರ ಕೇಳಬಹುದು. ಮುಚ್ಚಿದ ಸದನದಲ್ಲಿ ಯಾರನ್ನು ಕೇಳುವುದು? ಅಂಬೇಡ್ಕರ್ ಸರಕಾರಗಳ ಮೇಲಿಟ್ಟ ನಂಬಿಕೆಗೆ ಅವು ತಕ್ಕವಾಗಿಲ್ಲ. ಇನ್ನು ಅದನ್ನು ನಿಯಮವಾಗಿ ಬರೆದಿಡುವುದೇ ದಾರಿ.