ಎರಡು ಕುಲದ ವಾಲ್ವ್, ಒಂದೇ ಪೆಟ್ಟಿಗೆ

ಗಿಟಾರ್ ಆಂಪ್ಲಿಫೈಯರ್‌ನ ಕಂಠ ಬಹುಮಟ್ಟಿಗೆ ಅದರ ಪವರ್ ವಾಲ್ವ್‌ಗಳಲ್ಲಿದೆ. ಅಮೆರಿಕದ 6ವಿ6 ಫೆಂಡರ್‌ನ ಪುಟ್ಟ ಆಂಪ್‌ಗಳಿಗೆ ದುಂಡನೆಯ ನಾದ ಕೊಟ್ಟಿತು. ಯುರೋಪಿನ ಇಎಲ್84 (ನಮ್ಮ ಜಾಲಹಳ್ಳಿಯ ಬಿಇಎಲ್ ಕೂಡ ಇದನ್ನು ತಯಾರಿಸುತ್ತಿತ್ತು) ವಾಕ್ಸ್ ಎಸಿ30 ಆಂಪ್‌ಗೆ ಹೊಳಪು ತಂದಿತು. ಸಾಮಾನ್ಯವಾಗಿ ತಯಾರಕರು ಒಂದನ್ನು ಆರಿಸಿ ಇನ್ನೊಂದನ್ನು ಬಿಡುತ್ತಾರೆ. ಕ್ಯಾಲಿಫೋರ್ನಿಯಾದ ಪೆಟಲೂಮಾದಲ್ಲಿ ರ್‍ಯಾಂಡಲ್ ಸ್ಮಿತ್ ಅವರ ಮೆಸಾ ಬೂಗಿ ಬಳಗ 1990ರ ದಶಕದಲ್ಲಿ ಕೈಯಿಂದ ಜೋಡಿಸಿದ 'ಬ್ಲೂ ಏಂಜಲ್' ಆಂಪ್ ಮಾತ್ರ ಎರಡಕ್ಕೂ ಜಾಗ ಕೊಟ್ಟಿತು.

ಹಿಂಬದಿಯಿಂದ ನೋಡಿ: ದಪ್ಪ ಬುಡದ 6ವಿ6 ಎರಡು, ಬರೀ ಗಾಜಿನ, ಬೆರಳುದ್ದದ ಇಎಲ್84 ನಾಲ್ಕು. ಸ್ವಿಚ್ ತಿರುಗಿಸಿದರೆ 6ವಿ6 ಜೋಡಿ ಮಾತ್ರ, 15 ವ್ಯಾಟ್; ಇಎಲ್84 ನಾಲ್ಕೇ ಆದರೆ 33; ಆರೂ ಸೇರಿದರೆ 38. ಕೊನೆಯ ಆ ಐದು ವ್ಯಾಟ್ ಕಿವಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ನಾದದ ಬಣ್ಣ.

ಈ ಬೆರಕೆ ಸುಲಭದ್ದಲ್ಲ. ಇಎಲ್84 ಚಿಕ್ಕ ಸಂಕೇತಕ್ಕೇ ಪೂರ್ತಿ ಕೆರಳುತ್ತದೆ, 6ವಿ6ಗೆ ಗ್ರಿಡ್‌ನಲ್ಲಿ ಹೆಚ್ಚು ವೋಲ್ಟೇಜ್ ಬೇಕು. ಬಯಾಸ್ ಬೇರೆ, ಬಯಸುವ ಲೋಡ್ ಬೇರೆ. ಅವನ್ನು ಹೊಂದಿಸಿದವರ ಕೈಚಳಕಕ್ಕೆ ನನ್ನದು ಮನಸಾರೆ ಮೆಚ್ಚುಗೆ. ಏಕೆಂದರೆ ಆ ವ್ಯತ್ಯಾಸವೇ ಇಲ್ಲಿ ಸೊಗಸು: ತಂತಿಯನ್ನು ಜೋರಾಗಿ ಮೀಟಿದಾಗ ಒಂದು ಬಗೆಯ ವಾಲ್ವ್ ಒಡೆದು ಗರಗರ ಎನ್ನುತ್ತಿದ್ದರೆ ಇನ್ನೊಂದು ಇನ್ನೂ ತಿಳಿಯಾಗಿ ಹಾಡುತ್ತಿರುತ್ತದೆ, ಸ್ವರದ ಮೈಕಟ್ಟು ಕರಗುವುದಿಲ್ಲ. ಬೆರಳು ಹಗುರಾಗಿಸಿದರೆ ಸಾಕು, ಗರಗರ ಹಿಂದೆ ಸರಿಯುತ್ತದೆ. ಪೆಡಲ್ ಬೇಕಿಲ್ಲ.